ಗಡಿಗೆಯ ಕೆಳಗಿನ ಸುವರ್ಣಗೆಡ್ಡೆ

ಪಕ್ಕದ ಹಿತ್ತಲಲ್ಲಿ ಏನಾದರೂ ಚೆನ್ನಾಗಿ ಬೆಳೆದರೆ ನನಗೆ ಹೊಟ್ಟೆಯುರಿ ಶುರುವಾಗುತ್ತದೆ. ಕಡೂರಿನ ನಮ್ಮ ಬೀದಿಯ ನೀರೇ ಅಂಥದ್ದು, ತಪ್ಪು ನನ್ನದಲ್ಲ.

೧. ಛತ್ರಿ

ಎಪ್ಪತ್ತರ ದಶಕದ ಕೊನೆಯ ಮಾತು. ಪಕ್ಕದ ಮನೆಯವರು ಲಕ್ಕವಳ್ಳಿ ಡ್ಯಾಮಿನ ಕೆಲಸದಿಂದ ರಿಟೈರಾಗಿ ಬರುವಾಗ ಒಂದು ತುಂಡು ಸುವರ್ಣಗೆಡ್ಡೆ ತಂದು ಹಿತ್ತಲಲ್ಲಿ ಹೂತರು. ಅವರೆ, ಹೀರೆ ಬಿಟ್ಟು ಬೇರೆ ಕಾಣದ ನಮ್ಮ ಬೀದಿಗೆ ಅದೊಂದು ಬೆರಗು. ಒಂದೇ ದಂಟು, ತುದಿಗೆ ಬಿಚ್ಚಿದ ಛತ್ರಿಯಂಥ ಎಲೆ. ಒಳಗೆ ಆನೆಪಾದದಷ್ಟು ಗೆಡ್ಡೆ ಕೂತಿದೆ ಎಂದು ಅವರೇ ದಿನಾ ಸಾರುತ್ತಿದ್ದರು. ನಮ್ಮ ಮನೆಗೆ ಬಂದ ನೆಂಟರೂ ಕಾಫಿ ಕುಡಿದವರೇ ಅದನ್ನು ನೋಡಲು ಓಡುತ್ತಿದ್ದರು. ಕಾಫಿ ನಮ್ಮದು, ಹೊಗಳಿಕೆ ಅವರಿಗೆ.

೨. ಮೀಸೆ

ದೃಷ್ಟಿಯಾಗಬಾರದೆಂದು ಅವರು ಸುಣ್ಣದ ಬೊಟ್ಟಿಟ್ಟ ಗಡಿಗೆಯೊಂದನ್ನು ಕೋಲಿಗೆ ಸಿಕ್ಕಿಸಿದರು. ಅದರ ಮುಖ ನೇರ ನಮ್ಮ ಕಿಟಕಿಗೆ.

"ರೀ, ಅದು ನಿಮ್ಮ ಕಣ್ಣಿಗೇ ಇಟ್ಟಿರೋದು ಕಣ್ರೀ," ಎಂದಳು ನನ್ನಾಕೆ.

ಮಾರನೇ ದಿನ ನಾನೂ ಹಿತ್ತಲ ಮೂಲೆ ಅಗೆದು, ಏನನ್ನೂ ನೆಡದೆ ಮಣ್ಣು ಮುಚ್ಚಿ, ಮೇಲೆ ಅವರದಕ್ಕಿಂತ ದೊಡ್ಡ ಗಡಿಗೆ ನಿಲ್ಲಿಸಿದೆ. ಅದಕ್ಕೆ ಮೀಸೆಯನ್ನೂ ಬರೆದೆ. ತಪ್ಪದೆ ನೀರು ಹೊಯ್ದೆ.

ಅವರು ಬೇಲಿ ಹತ್ತಿರ ಬಂದು, "ಏನು ಹಾಕಿದೀರಿ ಯಜಮಾನ್ರೇ? ಎಲೆನೇ ಕಾಣಲ್ವಲ್ಲ," ಎಂದರು.

"ಎಲೆಗೆ ಬಲ ಹಾಳುಮಾಡೋ ಜಾತಿ ಅಲ್ಲ ಇದು. ಎಲ್ಲಾ ಒಳಕ್ಕೇ ಇಳಿಯುತ್ತೆ."

ಅವತ್ತಿನಿಂದ ಅವರು ತಮ್ಮ ಗೆಡ್ಡೆಗೆ ಬೆನ್ನು ಹಾಕಿ ನನ್ನ ಮಣ್ಣನ್ನೇ ನೋಡುತ್ತ ಕೂತರು.

೩. ಕಳ್ಳತನ

ಅಜ್ಜಂಪುರದಲ್ಲಿ ಒಂದು ಮದುವೆ ಮುಗಿಸಿ ಬಂದು ನೋಡುತ್ತೇನೆ, ಮೀಸೆಯ ಗಡಿಗೆ ವಾಲಿದೆ, ಮೂಲೆ ಪೂರ್ತಿ ಅಗೆದಿದೆ. ಮಣ್ಣಿನ ಹೆಜ್ಜೆಗಳು ಬೇಲಿ ದಾಟಿ ಪಕ್ಕದ ಮನೆಗೇ ಹೋಗಿವೆ.

ತಲೆ ಮೇಲೆ ಕೈಹೊತ್ತು ಕೂತು ಬೀದಿಗೆಲ್ಲ ಕೇಳುವಂತೆ ಗೋಳಿಟ್ಟೆ. "ಮಗು ಸಾಕ್ದಂಗೆ ಸಾಕಿದ್ದೆ. ಇಬ್ಬರು ಹೊರೋ ಗೆಡ್ಡೆ, ಹೊತ್ಕೊಂಡು ಹೋಗ್ಬಿಟ್ರಲ್ಲ."

ಜನ ಸೇರಿದರು. ಪಕ್ಕದವರೂ ಬಂದು ನಿಂತರು. ಅಲ್ಲಿ ಏನೂ ಇರಲಿಲ್ಲ ಎಂದು ಅವರು ಬಾಯಿಬಿಟ್ಟರೆ, ನಿಮಗೆ ಹೇಗೆ ಗೊತ್ತು ಎಂದು ಬೀದಿಯೇ ಕೇಳುತ್ತಿತ್ತು.

ಸಂಜೆ ಅವರು ತಮ್ಮ ಗೆಡ್ಡೆ ಕಿತ್ತು, ಅರ್ಧ ತಂದು ನಮ್ಮ ಜಗುಲಿ ಮೇಲಿಟ್ಟರು. "ತಗೊಳ್ಳಿ ಯಜಮಾನ್ರೇ. ಎಂಥ ಕಳ್ಳನೋ, ಪಾಪ."

ಮರುವರ್ಷ ಅವರ ಹಿತ್ತಲಿಗೆ ಮತ್ತೆ ಗಡಿಗೆ ಬಂತು, ಮೀಸೆಯೂ ಬಂತು, ಎಲೆ ಮಾತ್ರ ಬರಲಿಲ್ಲ. ಅದರ ಕೆಳಗೆ ಏನೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಹೇಗೆ ಗೊತ್ತು ಅಂತ ಮಾತ್ರ ಕೇಳಬೇಡಿ.