ದೋಣಿಯ ನಂದಾದೀಪ

ನಾನು ಎಲೆಕ್ಟ್ರಿಕಲ್ ಇಂಜಿನಿಯರ್ ಎಂಬ ಸಂಗತಿಯನ್ನು ಆದಷ್ಟು ಮುಚ್ಚಿಡುತ್ತೇನೆ. ಹೇಳಿದ ಮರುಗಳಿಗೆಯೇ ಯಾರದೋ ಕೆಟ್ಟ ಮಿಕ್ಸಿ ಬಂದು ನನ್ನ ಮುಂದೆ ಕೂರುತ್ತದೆ. ನವಿ ಮುಂಬೈಯ ಕಾರ್ಖಾನೆಯಲ್ಲಿ ಆಳೆತ್ತರದ ಕರೆಂಟಿನ ಪ್ಯಾನೆಲ್‌ಗಳ ಜೊತೆ ಬಾಳಿದವನಿಗೆ ಮಿಕ್ಸಿಯ ಒಳಗೇನಿದೆಯೆಂದು ಹೇಗೆ ಗೊತ್ತಿರಬೇಕು? ಆದರೆ ಇದನ್ನು ಕೋಪರಿಯ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರಿಗೆ ಒಪ್ಪಿಸುವುದು ನನ್ನಿಂದಾಗದ ಕೆಲಸ.

ಇಂಥ ನಾನು ಹೆಂಡತಿಯ ಅಣ್ಣ ಸದಾಶಿವ ಭಾವನ ಜೊತೆ ಪಾಲುಗೂಡಿ ಒಂದು ಮೋಟಾರು ದೋಣಿ ಕೊಂಡೆ. ಕಂಪನಿಯಲ್ಲಿ ತಯಾರಾದ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡ್. ಭಾವನಿಗೆ ಅದು ಭಾನುವಾರದ ಮೋಜು. ನನಗೆ ಹಾಗಲ್ಲ. ಚಿಕ್ಕಂದಿನಲ್ಲಿ ಕುಂದಾಪುರದಿಂದ ಅಮ್ಮನ ತವರು ಗಂಗೊಳ್ಳಿಗೆ ಹೊಳೆ ದಾಟುವಾಗ ನಾನು ಅವಳ ಮಡಿಲಲ್ಲಿ ಕೂತು ನೀರಿಗೆ ಕೈ ಇಳಿಬಿಡುತ್ತಿದ್ದೆ; ಅವಳು ಒಂದು ಪೆಟ್ಟು ಕೊಟ್ಟು ನನ್ನ ಕೈಯನ್ನು ಮೇಲಕ್ಕೆಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈಯೇ ನೀರಲ್ಲಿರುತ್ತಿತ್ತು. ವಾಶಿಯ ಸೇತುವೆ ಮೇಲೆ ಲೋಕಲ್ ರೈಲು ಹೋಗುವಾಗಲೆಲ್ಲ ಕೆಳಗೆ ಖಾಡಿಯಲ್ಲಿ, ಅಂದರೆ ಊರೊಳಗೆ ಚಾಚಿದ ಕಡಲಿನ ಹಿನ್ನೀರಲ್ಲಿ, ತುಂಬಿದ ನೀರು ನೋಡಿ ನನಗೆ ನೆನಪಾಗುತ್ತಿದ್ದುದು ಆ ಪೆಟ್ಟು.

ದೋಣಿ ಕೊಂಡ ಹೊಸದರಲ್ಲಿ ಚೆನ್ನಾಗಿಯೇ ಓಡಿತು. ಆಯುಧಪೂಜೆಗೆ ಇಂಜಿನಿಗೆ ಕುಂಕುಮ, ಸ್ಟಿಯರಿಂಗಿಗೆ ಚೆಂಡುಹೂವು ಎಲ್ಲ ಆಯಿತು. ಗಣಪತಿಯ ಪಟ ಇಟ್ಟು ಅದರ ಮುಂದೆ ಕಾರಿನ ಹಳೆಯ ಬಲ್ಬೊಂದನ್ನು ಕೂರಿಸಿದೆವು. ಮೇನ್ ಸ್ವಿಚ್ ಆಫ್ ಮಾಡಿ ನಾವು ಮನೆಗೆ ಹೋದರೆ ದೇವರು ಕತ್ತಲಲ್ಲಿ ಕೂರಬೇಕೇ ಎಂದು ಭಾವ ಕೇಳಿದ. ನಾನು ಬ್ಯಾಟರಿಯಿಂದಲೇ ನೇರವಾಗಿ ವೈರ್ ಎಳೆದು, ಆರದ ದೀಪ ಮಾಡಿಕೊಟ್ಟೆ. ಜಾಯಿಂಟು ಎಷ್ಟು ಚೆಂದವಾಗಿತ್ತೆಂದರೆ ಅದರ ಫೋಟೋ ತೆಗೆದು ಹೆಂಡತಿಗೂ ಕಳಿಸಿದೆ.

ಅಲ್ಲಿಂದ ಶುರುವಾಯಿತು ಶನಿಕಾಟ. ಬ್ಯಾಟರಿ ಚಾರ್ಜ್ ಮಾಡಿಸಿ ತಂದರೆ ಆ ದಿನ ದೋಣಿ ಓಡುತ್ತದೆ. ಮುಂದಿನ ಭಾನುವಾರ ಕೀಲಿ ತಿರುಗಿಸಿದರೆ ಬರೀ ಟಕ್ ಎಂಬ ಸದ್ದು. ಉಪ್ಪುಗಾಳಿಗೆ ಹಸಿರುಗಟ್ಟಿದ ಟರ್ಮಿನಲ್‌ಗಳನ್ನು ಉಜ್ಜಿದೆ. ಪಂಪಿನ ವೈರು, ಹಾರ್ನಿನ ವೈರು ಎಲ್ಲ ಬಿಚ್ಚಿ ಕಟ್ಟಿದೆ. ಬ್ಯಾಟರಿಯನ್ನೇ ಬದಲಾಯಿಸಿದ್ದೂ ಆಯಿತು. ದೋಣಿಗೆ ಕಾಲಿಟ್ಟ ಕೂಡಲೇ ನಾವಿಬ್ಬರೂ ಮೊದಲು ಮಾಡುತ್ತಿದ್ದುದು ಪಟಕ್ಕೆ ಕೈಮುಗಿಯುವುದು. ದೀಪ ಮಂಕಾಗಿ ಕೆಂಪಗೆ ಕಾಣುತ್ತಿತ್ತು. ದೇವರಿಗೆ ನಮ್ಮ ಮೇಲೆ ಮುನಿಸಿದೆ ಎಂದು ಭಾವ ಪೇಚಾಡಿಕೊಳ್ಳುತ್ತಿದ್ದ.

ಕೊನೆಗೆ ಅವನ ತಾಳ್ಮೆ ತಪ್ಪಿತು. "ವೈರಿಂಗ್ ಬರೋಬರ್ ಉಂಟಂತ ನೀವೇ ಹೇಳ್ತೀರಿ ಭಾವ. ಹಾಗಾದ್ರೆ ದೋಣಿಯೇ ಬೇಕಾರ್. ಕೊಟ್ಟುಬಿಡುವ" ಎಂದ. ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರು ಭಾನುವಾರ ನೋಡಲು ಬರುವುದೆಂದೂ ಆಯಿತು. ನನಗೆ ಎರಡು ದಿನ ಊಟ ಸೇರಲಿಲ್ಲ. ಈಗ ನಮ್ಮ ಜೊತೆಗೇ ಇರುವ ಅಮ್ಮ ವಿಷಯ ತಿಳಿದು, ಮಾರುವ ಮೊದಲು ತನ್ನನ್ನೂ ಒಮ್ಮೆ ಕೂರಿಸಬೇಕೆಂದು ಹಟ ಹಿಡಿದಳು.

ಭಾನುವಾರ ಅವಳನ್ನು ಖಾಡಿಯ ಜೆಟ್ಟಿಯಿಂದ ಹುಷಾರಾಗಿ ದೋಣಿಗೆ ಇಳಿಸಿದೆವು. ಕೀಲಿ ತಿರುಗಿಸಿದೆ. ಟಕ್. ಭಾವ ನನ್ನ ಮುಖ ನೋಡಿದ, ನಾನು ನೀರು ನೋಡಿದೆ. ಅಮ್ಮ ಮಾತ್ರ ಗಣಪತಿಯ ಮುಂದಿನ ದೀಪವನ್ನೇ ನೋಡುತ್ತಿದ್ದಳು. ಇದು ವಾರವಿಡೀ ಉರಿಯುತ್ತದೆಯೇ ಎಂದು ಕೇಳಿದಳು. ಆರುವುದೇ ಇಲ್ಲ, ನಾನೇ ಮಾಡಿದ್ದು ಎಂದು ಹೆಮ್ಮೆಯಿಂದ ಹೇಳಿದೆ.

"ಮನಿಯಂಗ್ ದೇವ್ರ್ ದೀಪಕ್ಕ್ ನಾನ್ ದಿನಾ ಎಣ್ಣಿ ಹಾಕ್ತೆ. ಇದ್ಕ್ ಯಾರ್ ಹಾಕುದ್ ಮಗಾ?"

ನಾನು ಕರೆಂಟು ಅಳೆಯುವ ಮೀಟರನ್ನು ಕೈಗೆತ್ತಿಕೊಂಡೆ. ಕಂಪನಿಯವರು ಎಳೆದ ಒಂದೊಂದು ವೈರನ್ನೂ ಅನುಮಾನಿಸಿದವನು ನಾನು ಎಳೆದ ಒಂದೇ ಒಂದು ವೈರಿನ ಮೇಲೆ ಮೀಟರ್ ಇಟ್ಟಿರಲಿಲ್ಲ. ಈಗ ಇಟ್ಟೆ. ಮೇನ್ ಸ್ವಿಚ್ ಆಫ್ ಮಾಡಿದರೂ ಕರೆಂಟು ಹರಿಯುತ್ತಿತ್ತು; ವಾರವಿಡೀ ಬ್ಯಾಟರಿಯನ್ನು ಕುಡಿದು ಬರಿದು ಮಾಡುತ್ತಿದ್ದುದು ಈ ದೀಪವೇ. ಆದರೆ ನಂದಾದೀಪದ ವೈರು ಕೀಳಲು ಇಬ್ಬರಿಗೂ ಕೈ ಬರಲಿಲ್ಲ. ಭಾವ ಆಚೆ ತಿರುಗಿ ನಿಂತ.

"ದೇವಸ್ಥಾನದಂಗೂ ರಾತ್ರಿ ಬಾಗ್ಲ್ ಹಾಕ್ತ್ರ್ ಅಲ್ದಾ? ಸ್ವಿಚ್ಚಿಗ್ ಸೇರ್ಸ್" ಎಂದಳು ಅಮ್ಮ.

ಸೇರಿಸಿದೆ. ಭಾವನ ಕಾರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದ ಮೇಲೆ ಇಂಜಿನ್ ಗುಡುಗಿತು. ಕಳಂಬೋಲಿಯವರು ಬರುವಷ್ಟರಲ್ಲಿ ನಾವು ಖಾಡಿಯ ನಡುವೆ ಇದ್ದೆವು. ಜೆಟ್ಟಿಯಲ್ಲಿ ನಿಂತು ಅವರು ಕೈಬೀಸಿದರು, ಭಾವನೂ ಬೀಸಿದ, ದೋಣಿ ಮಾತ್ರ ತಿರುಗಿಸಲಿಲ್ಲ. ಅಮ್ಮ ಮೆಲ್ಲಗೆ ಕೈ ನೀರಿಗೆ ಇಳಿಬಿಟ್ಟಳು. ಖಾಡಿಯ ನೀರು ಗಂಗೊಳ್ಳಿಯ ನೀರಿನಂತಿರಲಿಲ್ಲ, ವಾಸನೆಯೂ ಇತ್ತು. ಆದರೂ ನನಗೆ ಅವಳ ಕೈಗೆ ಪೆಟ್ಟು ಕೊಡಲು ಮನಸ್ಸಾಗಲಿಲ್ಲ.

ಈಗ ದೋಣಿಗೂ ದೇವರಿಗೂ ಭಾನುವಾರ ಮಾತ್ರ ಬೆಳಕು, ಇಬ್ಬರೂ ಸುಖವಾಗಿದ್ದಾರೆ. ಮನೆಯಲ್ಲಿ ನನ್ನ ಸುಖ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಫ್ಯಾನು ನಿಂತರೂ ಗೀಸರ್ ಕೆಟ್ಟರೂ ಯಾರೂ ನನ್ನನ್ನು ಕರೆಯುವುದಿಲ್ಲ. ರಿಪೇರಿಗೆ ಮಿಸ್ತ್ರಿ ಬಂದ ಕೂಡಲೇ ಅಮ್ಮ ಅವನ ಪಕ್ಕ ಹೋಗಿ ನಿಂತು, ಇದರಲ್ಲಿ ತನ್ನ ಮಗ ಎಳೆದ ವೈರು ಯಾವುದಾದರೂ ಇದ್ದರೆ ಮೊದಲು ಅದನ್ನು ನೋಡು ಎನ್ನುತ್ತಾಳೆ.