ನೇರಳೆ ಗಿಡದ ವಿರುದ್ಧ ನಾನು ಗೆದ್ದ ವಾದ

ಎದುರಿಗಿರುವವರ ಮಾತು ಮುಗಿಯುವ ಮೊದಲೇ ಅದರಲ್ಲಿನ ತಪ್ಪು ನನಗೆ ಕಂಡುಬಿಡುತ್ತದೆ. ಇದು ಹುಟ್ಟುಗುಣವಲ್ಲ, ಕಾಲೇಜಿನ ಚರ್ಚಾಸ್ಪರ್ಧೆಗಳು ಹಚ್ಚಿದ ಚಟ. ಅಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಸತ್ಯ ಯಾವ ಕಡೆಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ಗಂಟೆ ಬಾರಿಸುತ್ತಿದ್ದರು. ಹಾಗೆ ಗೆದ್ದು ತಂದ ದೊಡ್ಡ ಕಪ್ಪಿನಲ್ಲಿ ಅವ್ವ ಈಗ ಬಟ್ಟೆಯ ಕ್ಲಿಪ್ಪುಗಳನ್ನು ಇಡುತ್ತಾಳೆ. ನಾನು ಹುಡುಗರಿಗೆ ಅದೇ ವಿದ್ಯೆ ಕಲಿಸಿ ಹೊಟ್ಟೆ ಹೊರೆಯುತ್ತೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿರುವ ನಮ್ಮ ಮನೆಯ ಅಂಗಳದಲ್ಲಿ ಒಂದು ಗಿಡವಿದೆ. ಎಂಟು ವರ್ಷದ ಹಿಂದೆ ಅವ್ವ ಯಾರದೋ ಮನೆಯಲ್ಲಿ ನೇರಳೆ ತಿಂದು, ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಬಂದು ಊರಿದ್ದು. ಎಂಟು ವರ್ಷವಾದರೂ ಅದು ಒಂದು ಹೂವನ್ನೂ ಬಿಟ್ಟಿರಲಿಲ್ಲ. ಬಿಡುತ್ತಿದ್ದದ್ದು ಎಲೆ, ಅದೂ ನನ್ನ ಸ್ಕೂಟರಿನ ಮೇಲೆ; ಅದರಲ್ಲಿ ಕೂರುವ ಹಕ್ಕಿಗಳೂ ತಮ್ಮ ಪಾಲನ್ನು ಅಲ್ಲಿಯೇ ಸಲ್ಲಿಸುತ್ತಿದ್ದವು. ಗಿಡ ಕಡಿಸಿ, ಸ್ಕೂಟರಿನ ನೆರಳಿಗೆ ಅಲ್ಲೊಂದು ತಗಡಿನ ಶೆಡ್ ಹಾಕಿಸೋಣ ಎಂದೆ.

"ನೆರಳು ಬೇಕಂತ ನೆರಳು ಕೊಡೂ ಗಿಡಾನ ಕಡಸ್ತಿ?" ಎಂದಳು ಅವ್ವ.

ಉತ್ತರವಿಲ್ಲದ ಪ್ರಶ್ನೆ ಬಂದಾಗ ವಿಷಯ ಬದಲಿಸಬೇಕು. ಇದು ನಾನು ಕಲಿಸುವ ಮೊದಲ ಪಾಠ. "ಇದು ನೇರಲ ಗಿಡಾನ ಅಲ್ಲವ್ವ," ಎಂದೆ.

ಹೇಳಿಬಿಟ್ಟ ಮೇಲೆ ಸಾಬೀತು ಮಾಡಬೇಕಲ್ಲ. ಓದತೊಡಗಿದೆ. ನೇರಳೆಯದು ದೊಡ್ಡ ಮನೆತನ: ಅಂಗಡಿಯ ಪೇರಲ, ರಸ್ತೆಬದಿಯ ನೀಲಗಿರಿ, ಅವ್ವನ ಮಸಾಲೆ ಡಬ್ಬಿಯೊಳಗಿನ ಲವಂಗ ಎಲ್ಲವೂ ಅದರ ಬಳಗ. ಎಲೆಯನ್ನು ಬಿಸಿಲಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದಂಥ ಎಣ್ಣೆಯ ಚುಕ್ಕೆಗಳು ಕಾಣುತ್ತವೆ. ಆದರೆ ಅವು ಮನೆತನವನ್ನಷ್ಟೇ ಹೇಳುತ್ತವೆ, ಅಕ್ಕ ಯಾರು ತಂಗಿ ಯಾರು ಎಂಬುದನ್ನು ಹೇಳುವುದಿಲ್ಲ. ನನಗೆ ಬೇಕಾದದ್ದು ಆ ತಂಗಿ. ಸಿಕ್ಕಳು: ಕುಂಟುನೇರಳೆ, ಬಟಾಣಿಯಷ್ಟು ಹಣ್ಣು ಬಿಡುವ ಕಾಡಿನ ಗಿಡ. ಎಲೆಯ ತೊಟ್ಟು ಉದ್ದವಿದ್ದರೆ ನೇರಳೆ, ಗಿಡ್ಡವಿದ್ದರೆ ಕುಂಟುನೇರಳೆ. ಗಿಡದ ಕೆಳಗೆ ಕುಳಿತು ಎಲೆ ಆರಿಸಿದೆ. ಗಿಡ್ಡ ತೊಟ್ಟಿನವು ಆರು ಸಿಕ್ಕವು. ಉದ್ದ ತೊಟ್ಟಿನವು ಎಷ್ಟು ಸಿಕ್ಕವೆಂದು ನಾನು ಎಣಿಸಲಿಲ್ಲ. ಎದುರು ಪಕ್ಷದ ಸಾಕ್ಷಿಯನ್ನು ಹುಡುಕಿಕೊಡುವುದು ನನ್ನ ಕೆಲಸವಲ್ಲ. ಅವನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದೆ.

ಅಷ್ಟರಲ್ಲಿ ಗೇಟಿನ ಬಳಿ ರಜಾಕ ಕಾಕಾ ನಿಂತಿದ್ದರು. ಹಳೇ ಹುಬ್ಬಳ್ಳಿಯ ಬಡಿಗರು, ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರ ಕೈಯವೇ. ಗಿಡ ಕಡಿಯಲು ನಾನೇ ಕರೆಸಿದ್ದೆ. ಅವರು ಕಾಂಡವನ್ನು ಉಗುರಿನಿಂದ ಕೆರೆದು ನೋಡಿ, "ತಂಗಿ, ಇದು ನೇರಲ ಐತಿ. ನಮ್ಮಪ್ಪ ಬಾವಿ ತಳಕ್ಕ ಇದರ ಕಟಗಿ ಹಾಕ್ತಿದ್ದ. ನೀರಾಗ ಇದ್ರೂ ಕೊಳಿಯಂಗಿಲ್ಲ," ಎಂದರು.

ನಾನು ಆರು ಎಲೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹತ್ತು ನಿಮಿಷ ಮಾತಾಡಿದೆ. ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆತವ, ನೀ ಗೆದ್ದಿ. ಮುಂದಿನ ವಾರ ಬರ್ತೇನಿ." ಅವ್ವ ಒಳಗೆ ಹೋದಳು. ಆ ಸಂಜೆಯೂ ಎಂದಿನಂತೆ ಒಂದು ಕೊಡ ನೀರು ತಂದು ಗಿಡಕ್ಕೆ ಹಾಕಿದಳು. ಅದನ್ನು ನೋಡಿದ ಮೇಲೆ ಗೆಲುವು ಯಾಕೋ ಅಷ್ಟು ರುಚಿಸಲಿಲ್ಲ. ಆದರೆ ಗೆದ್ದವರು ಮಾತು ಹಿಂದೆ ತೆಗೆದುಕೊಂಡ ಉದಾಹರಣೆ ನಮ್ಮ ಕ್ಷೇತ್ರದಲ್ಲಿಲ್ಲ.

ಮುಂದಿನ ವಾರ ಕಾಕಾನ ಗರಗಸದ ಹಲ್ಲು ಮೊಂಡಾಗಿತ್ತು. ಅದರ ಮುಂದಿನ ವಾರ ಹಗ್ಗ ಪಕ್ಕದ ತಾರಿಹಾಳದಲ್ಲಿ ಉಳಿದಿತ್ತು. ಮೂರನೆಯ ವಾರ ಬಂದವರು ಚಹಾ ಕುಡಿದು ಮೇಲೆ ನೋಡಿ, "ಕಾಗಿ ಕುಂತೈತಿ," ಎಂದರು.

"ಕಾಗಿ ಎಲ್ಲಾ ಗಿಡದಾಗೂ ಕುಂಡ್ರತೈತಿ ಕಾಕಾ."

"ಖರೇ ಐತಿ. ಆದ್ರ ಇವತ್ತ ಇಲ್ಲೇ ಕುಂತೈತಿ."

ಹೀಗೆ ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾರ್ಚಿನ ಒಂದು ಬೆಳಿಗ್ಗೆ ಸ್ಕೂಟರಿನ ಸೀಟಿನ ಮೇಲೆ ಬಿಳಿ ಎಳೆಗಳು ಉದುರಿದ್ದವು. ತಲೆ ಎತ್ತಿದೆ. ಎಲೆಗಳ ಹಿಂದೆ, ಬೋಳು ರೆಂಬೆಯಿಂದಲೇ ಹೂವಿನ ಗೊಂಚಲುಗಳು ಹೊರಟಿದ್ದವು. ಇದನ್ನೂ ನಾನು ಓದಿದ್ದೆ: ಕುಂಟುನೇರಳೆ ರೆಂಬೆಯ ತುದಿಯಲ್ಲಿ ಹೂ ಬಿಡುತ್ತದೆ, ನೇರಳೆ ಹೆಚ್ಚಾಗಿ ಹೀಗೆ ಎಲೆ ಉದುರಿದ ಜಾಗದಲ್ಲಿ ಬಿಡುತ್ತದೆ. ಗಿಡದಲ್ಲಿ ಹೂವೇ ಇರಲಿಲ್ಲವಾದ್ದರಿಂದ ಆ ಸಾಲನ್ನು ಅನುಕೂಲವಾಗಿ ಮರೆತಿದ್ದೆ.

ಆ ದಿನವೇ ಕಾಕಾ ಬಂದರು, ಗರಗಸವಿಲ್ಲದೆ. ನಾನು ತಪ್ಪೊಪ್ಪಿಕೊಂಡೆ. "ಉದ್ದ ತೊಟ್ಟಿನ ಎಲಿ ನೀ ಕಾಲಿಲೆ ಸರಸೂದು ಅವತ್ತ ನೋಡಿದ್ದೆ," ಎಂದರು.

"ಮತ್ತ ಅವಾಗ ಹೇಳಲಿಲ್ಲ ಯಾಕ?"

"ಹೇಳಿದ್ರ ನೀ ಇನ್ನೊಂದು ಹತ್ತು ನಿಮಿಷ ಮಾತಾಡ್ತಿದ್ದಿ. ಗಿಡಕ್ಕ ಮಾತು ಬೇಕಾಗಿರಲಿಲ್ಲವ, ಟೈಮ್ ಬೇಕಾಗಿತ್ತು."

ನನ್ನನ್ನು ಸೋಲಿಸಿದವರು ಕೆಲವರಿದ್ದಾರೆ, ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ನನ್ನ ಎದುರು ತಾವಾಗಿ ಸೋತು, ಎರಡು ತಿಂಗಳು ಸುಳ್ಳು ನೆಪ ಹೇಳಿ, ಅವ್ವನ ಗಿಡವನ್ನು ನನ್ನಿಂದ ಉಳಿಸಿಕೊಟ್ಟವರು ಕಾಕಾ ಒಬ್ಬರೇ. ಆ ಋಣವನ್ನು ಯಾವ ಭಾಷಣದಲ್ಲಿ ಹೇಳಿ ಮುಗಿಸಲಿ?

ಜೂನಿನಲ್ಲಿ ಹಣ್ಣು ಬಿತ್ತು. ಅವ್ವ ಮೊದಲ ಬೊಗಸೆಯನ್ನು ಕಾಕಾಗೆ ಕೊಟ್ಟು, ಎರಡನೆಯದನ್ನು ನನಗೆ ಕೊಟ್ಟಳು. ನಾನು ತಿಂದು ಮುಗಿಸುವ ತನಕ ಕಾಕಾ ಕಾದು, "ಈಗ ಹೇಳವ, ಇದು ಯಾವ ಗಿಡಾ?" ಎಂದರು.

ನಾನು ನೇರಳೆ ಬಣ್ಣದ ನಾಲಿಗೆಯನ್ನು ಹೊರಗೆ ಚಾಚಿ ತೋರಿಸಿದೆ. ವಾದಿಸುವುದಕ್ಕಲ್ಲದೆ ಅದನ್ನು ಹೊರತೆಗೆದದ್ದು ಬಹುಶಃ ಅದೇ ಮೊದಲು.