ದೊಡ್ಡಪ್ಪನ ಭಕ್ತಿ, ಡಾಕ್ಟರ ಮಾತ್ರೆ

ಕಂಪ್ಲಿಯಲ್ಲಿ ನಮ್ಮ ದೊಡ್ಡಪ್ಪನಷ್ಟು ದೊಡ್ಡ ಶಿವಭಕ್ತ ಮತ್ತೊಬ್ಬನಿರಲಿಲ್ಲ. ಅವನನ್ನು ಆ ಮಟ್ಟಕ್ಕೆ ಏರಿಸಿದ್ದು ಯಾವ ಮಠದ ಗುರುವೂ ಅಲ್ಲ, ಹೊಸಪೇಟೆಯ ಒಬ್ಬ ಡಾಕ್ಟರು! ನಂಬುವುದಿಲ್ಲವೇ? ಕೇಳಿ.

ಆ ವರ್ಷ ಯಾವುದೋ ಜ್ವರಕ್ಕೆ ದೊಡ್ಡವ್ವ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಅವನ ಅಕ್ಕಿ ಗಿರಣಿಯೂ ಬಾಯಿ ಮುಚ್ಚಿತು. ಮಗಳು ಗೌರಿ ಹೊಸಪೇಟೆಯಲ್ಲಿ ಮೇಷ್ಟರಾಗಿದ್ದ ನನಗೆ ಹೇಳಿಕಳಿಸಿದಳು: "ಅವ್ವ ಅಂತೂ ಹೋದಳು. ಅಪ್ಪನ್ನಾದ್ರೂ ಉಳಿಸಿಕೊಡೋ ಅಣ್ಣ."

ನಾನು ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಡಾಕ್ಟರ ಬಳಿಗೆ ಒಯ್ದೆ. ಅವರು ಬಿಳಿಯ ಮಾತ್ರೆ ಕೊಟ್ಟು, "ಯುದ್ಧದ ಕಾಲದ ಹೊಸ ಔಷಧ. ಕುಸಿದ ಮನಸ್ಸನ್ನು ಎತ್ತುತ್ತದೆ. ಬೆಳಿಗ್ಗೆ ಒಂದು. ಒಂದೇ!" ಎಂದು ಬೆರಳೆತ್ತಿ ತೋರಿಸಿದರು.

ದೊಡ್ಡಪ್ಪ ಎದ್ದ. ಎದ್ದ ಅಂದರೆ ಎಂಥ ಏಳುವುದು! ಮುಂದಿನ ವಾರ ನೋಡಿದರೆ ಗಿರಣಿಯ ಮಾಡಿನ ಮೇಲೆ ನಿಂತು ತಗಡು ಬಡಿಯುತ್ತಿದ್ದಾನೆ. ಹೊಳೆ ದಾಟುವಾಗ ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡು, "ನೀ ಭಾಳ ನಿಧಾನ, ಸರಿಯಲೇ" ಎಂದನಂತೆ. ಹರಿಗೋಲು ನಡುನೀರಿನಲ್ಲಿ ಬುಗುರಿಯಾಯಿತು.

"ಸಾವ್ಕಾರ್ರ, ಸುತ್ತಾಕತ್ತೈತ್ರಿ!"

"ಸುತ್ತಲಿ ಬಿಡು, ನಿಂತಿಲ್ಲಲ್ಲ!"

ಬೀಗರನ್ನು ಹಂಪಿಗೆ ಕರೆದುಕೊಂಡು ಹೋಗಿ ಹೊತ್ತು ನೆತ್ತಿಗೆ ಬರುವುದರೊಳಗೆ ವಾಪಸು ತಂದುಬಿಟ್ಟ. ಬೀಗರು ಕಾಲು ಹಿಡಿದುಕೊಂಡು ಕೂತಿದ್ದರು. ವಿರೂಪಾಕ್ಷನ ದರ್ಶನ ಆಯಿತೇ ಎಂದು ನಾನು ಕೇಳಿದರೆ, "ಹೊರಗಿಂದ ಕೈ ಮುಗಿದ್ವಿ. ಆತ ಎಲ್ಲಿಗೂ ಹೋಗಂಗಿಲ್ಲ. ನಮಗ ಕೆಲಸ ಐತಿ, ನಡೀರಿ ಅಂದೆ" ಎಂದ. ಏನು ಕೆಲಸವೋ ಆ ವಿರೂಪಾಕ್ಷನೇ ಬಲ್ಲ.

ಇನ್ನು ಭಕ್ತಿಯ ವಿಷಯ. ಕೊರಳಿನ ಲಿಂಗಕ್ಕೆ ತೋರಿಸದೆ ದೊಡ್ಡಪ್ಪ ಬಾಯಿಗೆ ಏನನ್ನೂ ಹಾಕುವವನಲ್ಲ. ಮಾತ್ರೆಗೂ ಅದೇ ನೇಮ. ಮೈಮೇಲೆ ನೀರು, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ, ಅದಕ್ಕೆ ಪತ್ರಿ, ಆಮೇಲೆ ಮಾತ್ರೆ. ಮೊದಲು ಒಂದೇ ಮಾತ್ರೆ ಸಂಜೆಯ ತನಕ ಎಳೆಯುತ್ತಿತ್ತು. ಬರಬರುತ್ತಾ ಹೊತ್ತೇರುವ ಮೊದಲೇ ಕೈ ಬಿಡತೊಡಗಿತು. ಮೈ ಜೋಲುತ್ತಿತ್ತು, ಗೋಡೆ ಮತ್ತೆ ಕರೆಯುತ್ತಿತ್ತು. ಇನ್ನೊಂದು ಮಾತ್ರೆ ಬೇಕು. ಬೇಕಾದರೆ ಇನ್ನೊಂದು ಪೂಜೆ ಆಗಬೇಕು! ಹೀಗೆ ಮಧ್ಯಾಹ್ನದ ಪೂಜೆ ಹುಟ್ಟಿತು, ಇಳಿಹೊತ್ತಿನ ಪೂಜೆ ಹುಟ್ಟಿತು, ನಡುನಡುವೆ ಹೆಸರಿಲ್ಲದ ಪೂಜೆಗಳೂ ಹುಟ್ಟಿದವು. ಊರಿನವರು ದಂಗಾದರು. "ಹೆಂಡ್ತಿ ಹೋದ ಮ್ಯಾಲೆ ಶರಣ ಆಗ್ಯಾನ್ ನೋಡ್ರಿ" ಎಂದು ಬಂದು ಕಾಲಿಗೆ ಬೀಳತೊಡಗಿದರು. ಕಾಲು ಒಂದು ಕಡೆ ನಿಂತರೆ ತಾನೆ ಬೀಳುವುದು!

ಹೊಸಪೇಟೆ ಡಾಕ್ಟರು ಹೆಚ್ಚು ಕೊಡುವುದಿಲ್ಲ ಎಂದರು. ದೊಡ್ಡಪ್ಪ ಸಂಡೂರಿನ ಇನ್ನೊಬ್ಬ ಡಾಕ್ಟರನ್ನು ಹಿಡಿದ. ನಾನು ಬೈದೆ. "ಅಲ್ಲಲೇ, ಒಂದೇ ಅಂದಿದ್ದು ಹೊಸಪೇಟಿಯ ಮದ್ರಾಸು ಸರ್ಕಾರದ ಡಾಕ್ಟರು. ಸಂಡೂರು ಬ್ಯಾರೆ ಸಂಸ್ಥಾನ, ಅಲ್ಲಿ ರಾಜನೇ ಬ್ಯಾರೆ!" ಎಂದ. ಇಂಥವನಿಗೆ ಏನು ಹೇಳುತ್ತೀರಿ?

ಗೌರಿ ಮಾತ್ರ ನಗಲಿಲ್ಲ. ಅವನು ಉಣ್ಣುವುದು ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ, ಅಂಗಿಯೊಳಗೆ ಎಲುಬು ಎಣಿಸಬಹುದಿತ್ತು. "ಊರಿಗೆ ಶರಣ ಬೇಕಂತ. ನನಗ ಅಪ್ಪ ಬೇಕು" ಎಂದು ಒಲೆಯ ಮುಂದೆ ಕೂತು ಅತ್ತಳು.

ಕೀರ್ತಿ ಎಮ್ಮಿಗನೂರಿಗೂ ಮುಟ್ಟಿತು. ಅಲ್ಲಿನ ವೃದ್ಧ ಅಯ್ಯನವರು ಶರಣನನ್ನು ಕಾಣಲು ಬಂದು, ಹೋಳಿಗೆ ಉಂಡು, ನಿದ್ದೆಗೆ ಜಾರುವುದರಲ್ಲಿದ್ದರು. ಅಷ್ಟರಲ್ಲಿ ದೊಡ್ಡಪ್ಪ ಪೂಜೆಗೆ ಕೂತ. ಅವನ ಅಂಗೈಯಲ್ಲಿದ್ದ ಮಾತ್ರೆ ಅಯ್ಯನವರ ಕಣ್ಣಿಗೆ ಬಿತ್ತು.

"ಏನಪ, ಪ್ರಸಾದ ಒಬ್ಬನೇ ತಿಂತಿಯೇನು? ನಮಗೂ ಕೊಡು."

ಜಂಗಮ ಕೈಯೊಡ್ಡಿದರೆ ಇಲ್ಲವೆನ್ನುವ ಭಕ್ತ ಉಂಟೇ? ಕೊಟ್ಟ. ಅಯ್ಯನವರು ಕಣ್ಣಿಗೊತ್ತಿಕೊಂಡು ನುಂಗಿದರು. ಆಮೇಲೆ ನಿದ್ದೆ ಎಲ್ಲಿಯದು! ಉಪದೇಶ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಜನ ಎದ್ದುಹೋದರು. ಅಯ್ಯನವರು ಕಂಬಕ್ಕೆ ಉಪದೇಶಿಸಿದರು. "ಬಂಡಿ ಯಾಕ, ಕಾಲಿಲ್ಲೇನು?" ಎಂದು ಊರಿಗೆ ನಡೆದೇಬಿಟ್ಟರು. ಎತ್ತುಗಳು ಹಿಂದೆ ಬಿದ್ದವಂತೆ!

ಕೆಲವೇ ದಿನಗಳಲ್ಲಿ ಮತ್ತೆ ಬಂದರು. ಅಂದು ನಾನೂ ಅಲ್ಲಿದ್ದೆ. ಕುಂದ್ರಿ ಎನ್ನುವ ಮೊದಲೇ ಕೈ ಮುಂದಿತ್ತು. "ಆ ಪ್ರಸಾದ ಇನ್ನೊಂದು ಐತೇನಪ? ಅವತ್ತಿನಿಂದ ಯಾವುದೂ ರುಚಿಸವಲ್ದು."

ನನಗೆ ನಗು ಉಕ್ಕಿತು. ದೊಡ್ಡಪ್ಪ ನಗಲಿಲ್ಲ. ಚಾಚಿದ್ದ ಆ ಮುದಿ ಕೈಯನ್ನೇ ನೋಡಿದ. ಆಮೇಲೆ ಅಂಗಿಯ ಜೇಬಿನಲ್ಲಿ ಮಾತ್ರೆಯ ಡಬ್ಬಿ ಹಿಡಿದಿದ್ದ ತನ್ನ ಕೈಯನ್ನು ನೋಡಿದ. ಅವನು ಅಷ್ಟು ಹೊತ್ತು ನಿಂತಲ್ಲೇ ನಿಂತದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

"ಅದು ಪ್ರಸಾದ ಅಲ್ರೀ ಅಯ್ಯನೋರ, ಔಷಧ. ಅದರ ಕೈಯಾಗ ನಾ ಸಿಕ್ಕೀನಿ. ನೀವು ಸಿಗಬ್ಯಾಡ್ರಿ."

ಅಯ್ಯನವರು ನಿಧಾನವಾಗಿ ಕೈ ಇಳಿಸಿದರು. "ಹಂಗಾದ್ರ ನೀನೂ ಬಿಡಪ" ಎಂದರು.

ಅಂದೇ ಡಬ್ಬಿ ಗೌರಿಯ ಕೈ ಸೇರಿತು. ಹೊಸಪೇಟೆ ಡಾಕ್ಟರು ನಮ್ಮಿಬ್ಬರಿಗೂ ಚೆನ್ನಾಗಿ ಮಂಗಳಾರತಿ ಮಾಡಿ, ಒಮ್ಮೆಗೇ ಬಿಡಬೇಡಿ, ಸ್ವಲ್ಪ ಸ್ವಲ್ಪವೇ ಇಳಿಸಿ ಎಂದರು. ಆ ದಿನಗಳನ್ನು ನೆನೆಯುವುದೇ ಬೇಡ. ರೇಗಿದ, ತಟ್ಟೆ ಎಸೆದ, ಬೇಡಿಕೊಂಡ, ಹೊತ್ತಲ್ಲದ ಹೊತ್ತಿನಲ್ಲಿ ಹೆಣದಂತೆ ಮಲಗಿದ. ಮಾತ್ರೆ ಇಳಿದಂತೆ ಪೂಜೆಯೂ ಇಳಿಯಿತು. "ಪಾಪ, ಭಕ್ತಿ ಕಡಿಮಿ ಆತು" ಎಂದು ಊರು ಮರುಗಿತು!

ಕೊನೆಯ ಮಾತ್ರೆಯೂ ಮುಗಿದ ಮೇಲೆ ಒಂದು ಭಾನುವಾರ ಹೋದೆ. ದೊಡ್ಡಪ್ಪ ಪೂಜೆ ಮುಗಿಸಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕಣ್ಣಿಂದ ನೀರು ಇಳಿದು ಎದೆಯ ವಿಭೂತಿ ತೊಯ್ಯುತ್ತಿತ್ತು. ನಾನು ಗಾಬರಿಯಾಗಿ ಹತ್ತಿರ ಹೋದೆ.

"ಆಕಿ ಹೋದಳಲ್ಲೋ" ಎಂದ, ಸುದ್ದಿ ಆಗಷ್ಟೇ ಬಂದವನ ಹಾಗೆ.

ರೊಟ್ಟಿ ಬಡಿಯುತ್ತಿದ್ದ ಗೌರಿ ಹಿಟ್ಟಿನ ಕೈಯಲ್ಲೇ ಓಡಿಬಂದು, "ಹೌದಪ್ಪ, ಹೋದಳು" ಎಂದು ಅವನ ಪಕ್ಕದಲ್ಲಿ ಕುಸಿದಳು. ನನಗೂ ತಡೆಯಲಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅಷ್ಟು ಹೊತ್ತೂ ದೊಡ್ಡಪ್ಪ ಕೂತಲ್ಲಿಂದ ಏಳಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ.